ಮುಖಭಾವ ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವ ಪ್ರಾಜೆಕ್ಟ್‌ಗೆ ಯಾವ ಡೇಟಾಸೆಟ್ (ಮುಖಗಳ ಸಂಗ್ರಹ): ಎಫ್‌ಇಆರ್-2013ಓ, ಸಿಕೆ ಪ್ಲಸ್ಸೋ (CK+)?

ಎಷ್ಟು ಚಿತ್ರ ಸಿಗುತ್ತದೆ ಅನ್ನೋದಾದರೆ ಎಫ್‌ಇಆರ್ ಮುಂದು: 35,887. ಎಲ್ಲವೂ 48×48 ಪಿಕ್ಸೆಲ್, ಕಪ್ಪು-ಬಿಳುಪು; ಸಾಧಾರಣ ಲ್ಯಾಪ್‌ಟಾಪ್ ಸಾಕು. ಸಿಕೆ ಪ್ಲಸ್‌ನಲ್ಲಿ 123 ಜನರ 593 ವಿಡಿಯೋ ತುಣುಕುಗಳಿವೆ, ಭಾವನೆಯ ಲೇಬಲ್ (ಯಾವ ಭಾವ ಎಂಬ ಗುರುತು) 327ಕ್ಕೆ ಮಾತ್ರ.

ಲೇಬಲ್ ಎಷ್ಟು ನಂಬಬಹುದು ಅಂದರೆ ಲೆಕ್ಕ ತಿರುಗುತ್ತದೆ. ಎಫ್‌ಇಆರ್ ಚಿತ್ರಗಳು ಇಂಟರ್ನೆಟ್‌ನಿಂದ ಬಂದವು, ತಪ್ಪು ಲೇಬಲ್ ಜಾಸ್ತಿ. ಮನುಷ್ಯರೇ ಸುಮಾರು 65% ಸರಿ ಹೇಳುತ್ತಾರೆ. ಅಸಹ್ಯದ ಭಾವ ತೋರುವ ಚಿತ್ರಗಳಂತೂ 547 ಅಷ್ಟೇ. ಸಿಕೆ ಪ್ಲಸ್ ಲೇಬಲ್ ಅಚ್ಚುಕಟ್ಟು, ಆದರೆ ಹೆಚ್ಚಿನವು ಲ್ಯಾಬ್‌ನಲ್ಲಿ ಹೇಳಿ ಮಾಡಿಸಿದ ಮುಖಭಾವ. ಅದರಲ್ಲಿ ಬಂದ ದೊಡ್ಡ ಅಂಕ ನೋಡಿ ಸುಮ್ನೆ ಹಿಗ್ಗಬೇಡಿ. ಒಬ್ಬರದೇ ಮುಖ ತರಬೇತಿಗೂ ಪರೀಕ್ಷೆಗೂ ಸೇರದಂತೆ ಖಂಡಿತ ನೋಡಿಕೊಳ್ಳಿ.

ವೆಬ್‌ಕ್ಯಾಮ್ ಡೆಮೊ ಗುರಿಯಾದರೆ ಎಫ್‌ಇಆರ್ ತಗೊಳ್ಳಿ. ಭಾವವಿಲ್ಲದ ಮುಖದಿಂದ ಭಾವ ಹಂತಹಂತವಾಗಿ ಮೂಡುವುದನ್ನು ಅಭ್ಯಾಸ ಮಾಡಬೇಕೆಂದರೆ ಸಿಕೆ ಪ್ಲಸ್.