ಹೂಸ್ಟನ್ ಸೆಕೆಯಲ್ಲಿ ಮನೆ ಬಿಯರ್: ಒದ್ದೆ ಬನಿಯನ್, ಐಸ್ ಬಾಟಲಿ, ನಾರ್ವೆ ಯೀಸ್ಟ್ ಮತ್ತು ನನ್ನ ಹಳೇ ಫ್ರೀಜರ್

ಬೇಸಿಗೆಯ ಸೆಕೆಯಲ್ಲಿ ಮನೆ ಬಿಯರ್ ಹುದುಗು ಬರುವಾಗ ಅದನ್ನು ತಣ್ಣಗಿಡುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಗ್ಯಾರೇಜಿನ ಮೂಲೆಯಲ್ಲಿರುವ ಹಳೇ ಚೆಸ್ಟ್ ಫ್ರೀಜರಿಗೆ. ಮನೆ ಖಾಲಿ ಮಾಡುತ್ತಿದ್ದವರೊಬ್ಬರು 80 ಡಾಲರಿಗೆ ಕೊಟ್ಟುಹೋದ ಡಬ್ಬ ಅದು. ಮುಚ್ಚಳದ ಮೇಲೆ ಅವರ ಮಕ್ಕಳು ಅಂಟಿಸಿದ ಡೈನೋಸಾರ್ ಸ್ಟಿಕರ್ ಇನ್ನೂ ಹಾಗೇ ಇದೆ. ಅದಕ್ಕೆ ಉಷ್ಣತೆ ಕಾಯುವ 35 ಡಾಲರಿನ ಒಂದು ಕಂಟ್ರೋಲರ್ ಸೇರಿಸಿದ್ದೇನೆ. ಮೂರು ಬೇಸಿಗೆ ಏನೇನೋ ಸರ್ಕಸ್ ಮಾಡಿ ಕೊನೆಗೆ ಇಲ್ಲಿಗೆ ಬಂದು ನಿಂತಿದ್ದೇನೆ. ಹಾಗಂತ ಫ್ರೀಜರ್ ತೊಂದರೆಯನ್ನೇ ಕೊಟ್ಟಿಲ್ಲ ಅಂತಲ್ಲ. ಒಂದು ಬ್ಯಾಚನ್ನು ಪೂರ್ತಿ ಹಾಳು ಮಾಡಿದೆ. ಆ ಕಥೆ ಮುಂದೆ ಬರುತ್ತದೆ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಬಹುದು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ನಾನು ಅದರ ಕಾಲು ಭಾಗವನ್ನೂ ಮುಟ್ಟಿಲ್ಲ. ಆದರೆ ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲೂ ಬಿಯರ್ ಮಾಡುವಂತಿಲ್ಲ. ಇದನ್ನು ಓದಿ ಬಕೆಟ್ ಕೊಳ್ಳಲು ಹೋಗಬೇಡಿ.

ನಾನು ಮಂಗಳೂರಿನವನು. ಸೆಕೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ. ಹೂಸ್ಟನ್‌ನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗ್ಯಾರೇಜಿನೊಳಗೆ 35ರಿಂದ 38 ಡಿಗ್ರಿ. ಮನೆಯೊಳಗೆ ಎಸಿ 78 ಫ್ಯಾರನ್‌ಹೀಟ್‌ಗೆ, ಅಂದರೆ ಇಪ್ಪತ್ತೈದೂವರೆ ಸೆಲ್ಸಿಯಸ್‌ಗೆ ಇರುತ್ತದೆ. ಅದಕ್ಕಿಂತ ಇಳಿಸಿದರೆ ಕರೆಂಟ್ ಬಿಲ್ ನೋಡಿಯೇ ಮೈ ತಣ್ಣಗಾಗುತ್ತದೆ. ಸಕ್ಕರೆ ನೀರನ್ನು ಬಿಯರ್ ಮಾಡುವುದು ಯೀಸ್ಟ್. ನಾನು ಬಳಸುವ ಯುಎಸ್-05 ಅನ್ನುವ ಯೀಸ್ಟಿಗೆ 18-20 ಸೆಲ್ಸಿಯಸ್ ಇದ್ದರೆ ಖುಷಿ.

ಮೊದಲ ಬೇಸಿಗೆಯಲ್ಲಿ ಬಿಯರ್ ಹುದುಗು ಬರುವ ಬಕೆಟ್ಟನ್ನು ಬಟ್ಟೆ ಕಪಾಟಿನಲ್ಲಿಟ್ಟೆ. ಇಪ್ಪತ್ತೈದೂವರೆ ತಾನೇ, ಪರವಾಗಿಲ್ಲ ಅಂದುಕೊಂಡೆ. ಎರಡನೇ ದಿನ ಬಕೆಟ್ಟಿನ ಮೈಗೆ ಅಂಟಿಸಿದ ಉಷ್ಣತೆಯ ಪಟ್ಟಿ 30 ತೋರಿಸುತ್ತಿತ್ತು. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ. 20 ಲೀಟರಿನ ಸಾಧಾರಣ ಬಿಯರ್‌ನಲ್ಲಿ ಒಟ್ಟು ಹುಟ್ಟುವ ಬಿಸಿ ಹೊರಗೇ ಹೋಗದಿದ್ದರೆ ಉಷ್ಣತೆ ಹತ್ತು ಹನ್ನೆರಡು ಡಿಗ್ರಿ ಏರುತ್ತದೆ. ಅದರಲ್ಲಿ ಬಹುಪಾಲು ಮೊದಲ ಮೂರು ದಿನದಲ್ಲೇ. ಆಗ ಸೆಕೆಯಾದರೆ ಯೀಸ್ಟ್ ಬೇಡದ್ದನ್ನೆಲ್ಲ ಮಾಡುತ್ತದೆ: ಬಾಳೆಹಣ್ಣಿನ ವಾಸನೆ, ನೇಲ್ ಪಾಲಿಶ್ ವಾಸನೆ, ಗಂಟಲು ಸುಡುವ ಖಾರ. ನಾಲ್ಕನೇ ದಿನ ತಣ್ಣಗೆ ಮಾಡಿ ಏನೂ ಪ್ರಯೋಜನವಿಲ್ಲ. ಉಕ್ಕಿ ಹುಳಿಯಾದ ದೋಸೆ ಹಿಟ್ಟನ್ನು ಫ್ರಿಜ್ಜಿಗಿಟ್ಟರೆ ಸಿಹಿಯಾಗುತ್ತದಾ? ಹಾಗೆ. ಆ ಬ್ಯಾಚಿನ ಎರಡು ಬಾಟಲಿ ಕುಡಿದು ಮರುದಿನ ಮಧ್ಯಾಹ್ನದವರೆಗೆ ತಲೆ ಹಿಡಿದುಕೊಂಡು ಕೂತಿದ್ದೆ. ಉಳಿದದ್ದು ಸಿಂಕಿಗೆ.

ಒದ್ದೆ ಬನಿಯನ್

ಖರ್ಚಿಲ್ಲದ ಉಪಾಯ. ಟಬ್‌ನಲ್ಲಿ ನೀರು, ನೀರಿನಲ್ಲಿ ಬಕೆಟ್, ಬಕೆಟ್ಟಿಗೆ ಹಳೇ ಬನಿಯನ್, ಎದುರಿಗೊಂದು ಫ್ಯಾನ್. ನನ್ನ ಹೆಂಡತಿ ರಾಯಚೂರಿನವಳು. ನೋಡಿದವಳೇ, "ನಮ್ಮ ಕಡಿ ಗಡಗಿಗಿ ಹಸಿ ಅರಬಿ ಸುತ್ತಿಟ್ರ ನೀರು ತಣ್ಣಗ ಇರ್ತಾವ. ಇದೇನು ದೊಡ್ಡ ಮಾತು ಬಿಡ್ರಿ" ಅಂದಳು. ರಾಯಚೂರಿನಲ್ಲಿ ಇರುತ್ತಾವೆ, ನಿಜ. ನಮ್ಮ ಮಂಗಳೂರಿನಲ್ಲಿ ಮಣ್ಣಿನ ಹೂಜಿ ಅಷ್ಟು ತಣ್ಣಗೆ ಮಾಡಿದ್ದು ನಾನಂತೂ ನೋಡಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬಟ್ಟೆಯ ನೀರು ಆರುವುದೇ ಇಲ್ಲ. ಆರದಿದ್ದರೆ ತಂಪೂ ಇಲ್ಲ.

ಒದ್ದೆ ಬಟ್ಟೆಗೆ ಎಷ್ಟೇ ಗಾಳಿ ಬೀಸಿದರೂ ಇದಕ್ಕಿಂತ ಕೆಳಗೆ ಇಳಿಯದು ಅನ್ನುವ ಒಂದು ಗಡಿ ಇರುತ್ತದೆ. ಫೀನಿಕ್ಸ್‌ನ ಒಣ ಬೇಸಿಗೆಯಲ್ಲಿ ಹೊರಗೆ 40 ಇದ್ದರೂ ಆ ಗಡಿ 20ರ ಹತ್ತಿರ. ಅಲ್ಲಿರುವ ನನ್ನ ಗೆಳೆಯ ಬರೀ ಬನಿಯನ್‌ನಲ್ಲೇ ಜೂನ್ ಕಳೆಯುತ್ತಾನೆ. ಜುಲೈಯಲ್ಲಿ ಅಲ್ಲಿಯ ಮಳೆ ಶುರುವಾದ ಮೇಲೆ ಅವನೂ ಗೊಣಗುತ್ತಾನೆ. ನಮ್ಮ ಗ್ಯಾರೇಜಿನಲ್ಲಿ ಆ ಗಡಿಯೇ 26-27. ಅಲ್ಲಿಗೆ ಕಥೆ ಮುಗಿಯಿತು. ಎಸಿ ಇರುವ ಮನೆಯೊಳಗೆ ಗಾಳಿ ಒಣಗಿರುತ್ತದೆ, ಹಾಗಾಗಿ ಬಚ್ಚಲಿನಲ್ಲಿಟ್ಟರೆ ಮೂರು ಡಿಗ್ರಿ ಇಳಿಯಿತು. ಆದರೆ ಬಾಗಿಲು ಹಾಕಿದರೆ ಬಚ್ಚಲೇ ತೇವವಾಗಿ ಅದೂ ನಿಂತುಹೋಗುತ್ತದೆ. ಬಾಗಿಲು ತೆಗೆದಿಟ್ಟರೆ ಬಂದ ನೆಂಟರಿಗೆಲ್ಲ ಬನಿಯನ್ ಹಾಕಿಕೊಂಡ ಬಕೆಟ್ಟಿನ ದರ್ಶನ.

ಐಸ್ ಬಾಟಲಿ ಮತ್ತು ಚೀಲ

ಎರಡನೇ ಬೇಸಿಗೆಗೆ ದಪ್ಪ ಫೋಮಿನ ಚೀಲ ತಂದೆ, ಸುಮಾರು 65 ಡಾಲರ್. ಬಕೆಟ್ ಒಳಗಿಟ್ಟು, ಪಕ್ಕಕ್ಕೆ ಎರಡು ಲೀಟರಿನ ಸೋಡಾ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಇಟ್ಟು, ಜಿಪ್ ಎಳೆಯುವುದು. ಸುಳ್ಳು ಹೇಳಬಾರದು, ಇದು ಕೆಲಸ ಮಾಡುತ್ತದೆ. ಅಂಥ ಒಂದು ಬಾಟಲಿ ಕರಗುವಾಗ ಹೀರುವ ಬಿಸಿ 20 ಲೀಟರ್ ಬಿಯರನ್ನು ಸುಮಾರು ಎಂಟು ಡಿಗ್ರಿ ಇಳಿಸುವಷ್ಟು. ಒಂದಿಷ್ಟು ಹೊರಗಿನಿಂದ ನುಗ್ಗುವ ಸೆಕೆಗೇ ಹೋದರೂ, ಬೆಳಿಗ್ಗೆ ಆರಕ್ಕೆ ಒಂದು, ರಾತ್ರಿ ಒಂಬತ್ತಕ್ಕೆ ಒಂದು ಬದಲಿಸಿದರೆ 18-20ರಲ್ಲಿ ನಿಲ್ಲುತ್ತದೆ. ಆ ಬೇಸಿಗೆಯ ಬಿಯರ್ ಚೆನ್ನಾಗಿತ್ತು.

ಚೆನ್ನಾಗಿಲ್ಲದ್ದು ನಾನು. ಮೂರನೇ ಬ್ಯಾಚಿನ ಹೊತ್ತಿಗೆ ಬಾಟಲಿ ಬದಲಿಸುವುದು ಕೈಗೂಸಿಗೆ ಹಾಲು ಕುಡಿಸಿದ ಹಾಗಾಗಿತ್ತು. ಆಫೀಸಿನ ಕೆಲಸಕ್ಕೆ ಡಾಲಸ್‌ಗೆ ಎರಡು ದಿನ ಹೋಗಬೇಕಾಗಿ ಬಂತು. ಹೆಂಡತಿಗೆ ಚೀಟಿ ಬರೆದಿಟ್ಟು ಹೋದೆ. ಅವಳು ಬದಲಿಸಿದಳು, ಪಾಪ. ಆದರೆ ಅಡುಗೆಮನೆ ಫ್ರೀಜರಿನಲ್ಲಿ ನುಗ್ಗೆಕಾಯಿಗೂ ತೆಂಗಿನತುರಿಗೂ ಜಾಗವಿಲ್ಲದೆ ಆರು ಬಾಟಲಿ ಮಲಗಿರುವುದನ್ನು ಎತ್ತಿ ಆಡಿದಳು. ಅದು ನ್ಯಾಯವೇ.

ಫ್ರೀಜರ್, ಮತ್ತು ಆ ಹಾಳು ವೈರು

ಈಗ ನನ್ನ ಮುದ್ದಿನ ಡಬ್ಬಕ್ಕೆ ಬರೋಣ. ಜರ್ಮನಿಯ ಬವೇರಿಯಾದಲ್ಲಿ ಸೆಕೆಗೆ ಬಿಯರ್ ಕೆಡುತ್ತದೆ ಅಂತ 1553ರಲ್ಲೇ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನೇ ನಿಷೇಧಿಸಿದ್ದರಂತೆ. 1870ರ ದಶಕದಲ್ಲಿ ಜರ್ಮನ್ ಎಂಜಿನಿಯರ್ ಕಾರ್ಲ್ ಫಾನ್ ಲಿಂಡೆ ತನ್ನ ತಂಪು ಯಂತ್ರಗಳನ್ನು ಮೊದಲು ಮಾಡಿಕೊಟ್ಟವರಲ್ಲಿ ಬಿಯರ್ ಕಾರ್ಖಾನೆಯವರೂ ಇದ್ದರು. ಹಾಗಾಗಿ ಹೆಂಡತಿ "ಫ್ರೀಜರಿನ್ಯಾಗ ಯಾರರ ಬಿಯರ್ ಮಾಡ್ತಾರೇನ್ರಿ" ಅಂದಾಗ ನನ್ನ ಬಳಿ ಉತ್ತರ ಸಿದ್ಧವಿತ್ತು.

ಕಂಟ್ರೋಲರ್ ಕೆಲಸ ಸರಳ. ಫ್ರೀಜರಿನ ಪ್ಲಗ್ ಅದಕ್ಕೆ, ಅದರ ಪ್ಲಗ್ ಗೋಡೆಗೆ. ಅದರಿಂದ ಹೊರಟ ಉದ್ದದ ವೈರಿನ ತುದಿಯಲ್ಲಿ ಸೆನ್ಸರ್. ಹದಿನೆಂಟೂವರೆ ಅಂತ ಇಟ್ಟರೆ ಅಷ್ಟಕ್ಕೆ ಫ್ರೀಜರನ್ನು ಹಚ್ಚಿ ಆರಿಸುತ್ತದೆ. ತಲೆನೋವೆಲ್ಲ ಇರುವುದು ಆ ಸೆನ್ಸರ್ ಎಲ್ಲಿರಬೇಕು ಅನ್ನುವುದರಲ್ಲಿ.

ಸುಮ್ನೆ ಗಾಳಿಯಲ್ಲಿ ತೂಗುಬಿಟ್ಟರೆ ಅದು ಗಾಳಿಯ ಉಷ್ಣತೆ ಓದುತ್ತದೆ, ಬಿಯರ್‌ನದ್ದಲ್ಲ. ಗಾಳಿ ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯಾಗುತ್ತದೆ. ಕಂಪ್ರೆಸರ್ ಮಾತು ಮಾತಿಗೆ ಎದ್ದು ಕೂರುತ್ತದೆ, ಬಕೆಟ್ಟಿನೊಳಗೆ ಮಾತ್ರ ಇನ್ನೂ 22. ಹಾಗಾಗಿ ಸೆನ್ಸರನ್ನು ಬಕೆಟ್ಟಿನ ಹೊಟ್ಟೆಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ ಅಂಟಿಸಿ, ಮೇಲೆ ಸ್ಪಂಜಿನ ತುಂಡು ಮುಚ್ಚಬೇಕು. ನಾನು ಟೇಪ್ ಹಚ್ಚಿದೆ. ಹೂಸ್ಟನ್‌ನಲ್ಲಿ ತಣ್ಣಗಿನ ಡಬ್ಬದ ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ಮೂರೇ ದಿನಕ್ಕೆ ಟೇಪ್ ಜಾರಿ ಸೆನ್ಸರ್ ತಳಕ್ಕೆ ಬಿತ್ತು. ತಳದಲ್ಲಿ ತಣ್ಣಗಿತ್ತು. ಫ್ರೀಜರ್ "ಆಯ್ತಲ್ಲ" ಅಂತ ಸುಮ್ಮನಾಯಿತು, ಬಿಯರ್ 24ಕ್ಕೆ ಏರಿತು. ಇದು ಸಣ್ಣ ಏಟು.

ದೊಡ್ಡದು ಮುಂದಿನ ಬ್ಯಾಚಿನಲ್ಲಿ. ಶುಕ್ರವಾರ ರಾತ್ರಿ ಊಟಕ್ಕೆ ಬಂದ ಗೆಳೆಯರಿಗೆ ತೋರಿಸಲು ಮುಚ್ಚಳ ತೆಗೆದೆ. ಗುಳ್ಳೆ ಬರುತ್ತಿತ್ತು, ಎಲ್ಲರೂ ಬಗ್ಗಿ ನೋಡಿದರು, ನನಗೂ ಹೆಮ್ಮೆ. ಯಾರದೋ ಕೈಗೆ ವೈರು ಸಿಕ್ಕಿ ಸೆನ್ಸರ್ ಹೊರಗೆ ಬಂದು ನೇತಾಡುತ್ತಿತ್ತು. ಯಾರದೋ ಅಲ್ಲ, ನನ್ನದೇ ಇರಬೇಕು. ಗಮನಿಸದೆ ಮುಚ್ಚಳ ಹಾಕಿದೆ. ಈಗ ಯೋಚಿಸಿ. ಸೆನ್ಸರ್ ಓದುತ್ತಿರುವುದು 36 ಡಿಗ್ರಿಯ ಗ್ಯಾರೇಜನ್ನು. ಫ್ರೀಜರ್ ಎಷ್ಟು ದುಡಿದರೂ ಗ್ಯಾರೇಜ್ ಹದಿನೆಂಟೂವರೆಗೆ ಇಳಿಯುವುದುಂಟೇ? ಶುಕ್ರವಾರ ರಾತ್ರಿ, ಶನಿವಾರ ಇಡೀ ದಿನ ಅದು ನಿಲ್ಲದೆ ಓಡಿದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಬಕೆಟ್ಟಿನ ಅಂಚಿಗೆಲ್ಲ ಗೋಲಾದ ಪುಡಿ ಐಸಿನ ಥರ ಕಟ್ಟಿಕೊಂಡಿದೆ. ಒಳಗಿನ ಗಾಳಿ ಕುಗ್ಗಿ ಏರ್‌ಲಾಕಿನ (ಗ್ಯಾಸ್ ಹೊರಹೋಗಲು ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ಕೊಳವೆ) ನೀರನ್ನೂ ಒಳಕ್ಕೆ ಎಳೆದುಕೊಂಡಿದೆ. ಯೀಸ್ಟ್ ತಳ ಸೇರಿ ಮಲಗಿದೆ. ಕಂಬಳಿ ಸುತ್ತಿದೆ, ಅಲುಗಾಡಿಸಿದೆ, ಹೊಸ ಪ್ಯಾಕೆಟ್ ಹಾಕಿದೆ. ಎರಡು ವಾರದ ಮೇಲೆ ಸಿಕ್ಕಿದ್ದು ಬೆಣ್ಣೆ ಬಿಸ್ಕತ್ತಿನ ವಾಸನೆಯ, ಅರ್ಧ ಸಿಹಿ ಉಳಿದ ಏನೋ ಒಂದು. ಆ ಗೆಳೆಯರು ಈಗಲೂ ಸಿಕ್ಕಿದಾಗ ಐಸ್ ಕ್ಯಾಂಡಿ ಹೇಗಿದೆ ಅಂತ ಕೇಳುತ್ತಾರೆ.

ಆಮೇಲೆ ಮಾಡಿದ್ದು ಮೂರು ಕೆಲಸ. ಟೇಪ್ ಬಿಸಾಕಿ, ಬಕೆಟ್ಟಿನ ಸುತ್ತ ನಾಲ್ಕು ಡಾಲರಿನ ವೆಲ್ಕ್ರೋ ಪಟ್ಟಿ ಬಿಗಿದು ಅದರಡಿ ಸೆನ್ಸರ್. ಫ್ರೀಜರಿನ ಒಳಗೋಡೆಗೊಂದು ಕೊಕ್ಕೆ, ವೈರನ್ನು ಅದಕ್ಕೆ ಸುತ್ತಿದ್ದೇನೆ. ಎಳೆದರೂ ಸೆನ್ಸರ್ ಹೊರಗೆ ಬರದು. ಕೊನೆಯದಕ್ಕೆ ನನಗೆ ಬುದ್ಧಿ ತಡವಾಗಿ ಬಂತು. ಬಿಯರ್ ಹೆಪ್ಪುಗಟ್ಟುತ್ತದೆ ಅಂತ ಹೆದರಿ ತಂಪಿನ ಅಲಾರಂ ಇಟ್ಟಿದ್ದೆ, ಅದು ಬಾಯೇ ಬಿಡಲಿಲ್ಲ. ಸೆನ್ಸರಿನ ಪ್ರಕಾರ ಆಗ ಇದ್ದದ್ದು ಸುಡುವ ಸೆಕೆ ಅಲ್ವಾ? ಇಡಬೇಕಾದದ್ದು ಬಿಸಿಯ ಅಲಾರಂ. ಈಗ 24 ದಾಟಿದರೆ ಅಡುಗೆಮನೆವರೆಗೆ ಕೇಳುವ ಹಾಗೆ ಕಿರುಚುತ್ತದೆ.

ಉಳಿದದ್ದು ಚಿಲ್ಲರೆ. ಬೂಸು ಬರುತ್ತದೆ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಒಂದಿಡಿ. 22 ಕಿಲೋ ತೂಕದ ಬಕೆಟ್ ಎತ್ತಿ ಒಳಗಿಳಿಸಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಖಾಲಿ ಬಕೆಟ್ ಒಳಗಿಟ್ಟು ಮೇಲಿಂದ ತುಂಬಿಸಿ. ಕೊಳ್ಳುವ ಮೊದಲು ಒಳಗೆ ಕಂಪ್ರೆಸರಿನ ದಿಣ್ಣೆ ಬಿಟ್ಟು ಬಕೆಟ್ ಕೂರುತ್ತದಾ ಅಂತ ಅಳೆಯಿರಿ.

ನಾರ್ವೆಯ ಯೀಸ್ಟ್

ತಂಪು ಮಾಡುವ ಗೋಜೇ ಬೇಡ, ಸೆಕೆ ಇಷ್ಟಪಡುವ ಯೀಸ್ಟ್ ಹಾಕಿದರಾಯಿತು ಅನ್ನುವ ದಾರಿ ಇದು. ನಾರ್ವೆಯ ರೈತರ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಕ್ವೈಕ್ ಯೀಸ್ಟ್‌ಗಳಲ್ಲಿ ವೊಸ್ ಅನ್ನುವುದೊಂದು. ಅಂಥ ಚಳಿ ದೇಶದ್ದು 35ರಿಂದ 40 ಡಿಗ್ರಿಯಲ್ಲಿ ಕುಣಿದಾಡುತ್ತದೆ ಅಂದರೆ ನಂಬಲಾಗಲಿಲ್ಲ.

ಪರೀಕ್ಷೆಗೆ 2024ರ ಜುಲೈ 6ರ ಶನಿವಾರ ಒಂದೇ ಸಲ ಕುದಿಸಿದ ಮಾಲ್ಟ್ ರಸವನ್ನು ಎರಡು ಬಕೆಟ್ಟಿಗೆ ಹಂಚಿದೆ. ಯುಎಸ್-05 ಹಾಕಿದ್ದು ಫ್ರೀಜರಿಗೆ, ವೊಸ್ ಹಾಕಿದ್ದು ಗ್ಯಾರೇಜಿನ ನೆಲಕ್ಕೆ. ಚಂಡಮಾರುತ ಬೆರಿಲ್ ಇನ್ನೂ ದಕ್ಷಿಣಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಸೋಮವಾರ, 8ನೇ ತಾರೀಕು, ಸೀದಾ ನಮ್ಮ ತಲೆಯ ಮೇಲೇ ಬಂತು. ಈ ಭಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು. ನಮಗೆ ವಾಪಸ್ ಬಂದದ್ದು ನಾಲ್ಕು ದಿನದ ಮೇಲೆ. ಅಷ್ಟು ಹೊತ್ತಿಗೆ ಫ್ರೀಜರಿನ ದಪ್ಪ ಗೋಡೆಯೇ ಶತ್ರುವಾಗಿತ್ತು. ಯೀಸ್ಟ್ ಹುಟ್ಟಿಸಿದ ಬಿಸಿ ಒಳಗೇ ಕೂತು 28. ಮತ್ತೆ ಬಾಳೆಹಣ್ಣು. ವೊಸ್‌ಗೆ ಕರೆಂಟ್ ಹೋದದ್ದೇ ಗೊತ್ತಿಲ್ಲ, ಮೂರು ದಿನಕ್ಕೆ ಕೆಲಸ ಮುಗಿಸಿ ಕೂತಿತ್ತು.

ಆ ವಾರ ವೊಸ್ ಗೆದ್ದಿತು, ಒಪ್ಪುತ್ತೇನೆ. ಸೆಪ್ಟೆಂಬರಿನಲ್ಲಿ ಕರೆಂಟ್ ಇರುವಾಗ ಮತ್ತೆ ಹಾಗೇ ಮಾಡಿದೆ. ಫ್ರೀಜರಿನದು ಸ್ವಚ್ಛ, ತೆಳು, ಮತ್ತೊಂದು ಗ್ಲಾಸ್ ಬೇಕೆನಿಸುವಂಥದ್ದು. ವೊಸ್‌ನದರಲ್ಲಿ ಕಿತ್ತಳೆ ಸಿಪ್ಪೆಯ ಘಮ. ಮೊದಲ ಗ್ಲಾಸಿಗೆ ಆಹಾ, ಮೂರನೆಯದಕ್ಕೆ ಸಾಕು. ಇಷ್ಟಪಡುವವರು ಇದ್ದಾರೆ. ನನಗೆ ಖಾರ ಹುರಿದ ಗೋಡಂಬಿ ಜೊತೆ ಸಪ್ಪೆ ಲಾಗರ್ ಥರದ್ದೇ ಬೇಕು. ಇನ್ನೊಂದು, ವೊಸ್ಸನ್ನು ಎಸಿಯಲ್ಲಿಟ್ಟರೆ ಮಂಕಾಗುತ್ತದೆ. ತೆಳು ಬಿಯರಿಗೆ ಹಾಕುವಾಗ ಯೀಸ್ಟ್ ಪೋಷಕಾಂಶದ ಪುಡಿಯನ್ನೂ ಸ್ವಲ್ಪ ಹಾಕಬೇಕು.

ತಣ್ಣನೆಯ ದ್ರವ ಹರಿಸಿ ಬಿಯರ್ ತಂಪು ಮಾಡುವ ಗ್ಲೈಕಾಲ್ ಚಿಲ್ಲರ್ ಬಗ್ಗೆ ಕೇಳಬೇಡಿ. ಅದರ ಬೆಲೆ ನನ್ನ ಜೇಬಿಗೆ ಮೀರಿದ್ದು.

ಲೆಕ್ಕಕ್ಕೆ ಬಂದರೆ ಫ್ರೀಜರ್, ಕಂಟ್ರೋಲರ್, ಪಟ್ಟಿ ಸೇರಿ 119 ಡಾಲರ್. ಚೀಲ ಅದರ ಅರ್ಧ, ಆದರೆ ಬೆಳಿಗ್ಗೆ ಆರಕ್ಕೆ ಏಳಬೇಕು. ತಿಂಗಳಿಗೊಂದು ಬ್ಯಾಚ್ ಕೂಡ ಮಾಡದವರು, ಬಾಡಿಗೆ ಮನೆಯಲ್ಲಿ ಜಾಗವಿಲ್ಲದವರು ವೊಸ್ ಪ್ಯಾಕೆಟ್ ತಂದುಕೊಳ್ಳಿ, ಸಾಕು. ನಾನು ಒಂದೇ ಥರದ ಬಿಯರ್ ಮತ್ತೆ ಮತ್ತೆ ಮಾಡುವವನು, ಊರೂರು ಸುತ್ತುವ ಕೆಲಸದವನು. ನನಗೆ ಫ್ರೀಜರೇ. ಜೂನ್‌ನಿಂದ ನವೆಂಬರ್‌ವರೆಗೆ, ಚಂಡಮಾರುತದ ಕಾಲದಲ್ಲಿ, ಅಡುಗೆಮನೆ ಫ್ರಿಜ್ಜಿನ ಬಾಗಿಲಲ್ಲಿ ಒಂದು ವೊಸ್ ಪ್ಯಾಕೆಟ್ ಇಟ್ಟಿರುತ್ತೇನೆ, ಅಷ್ಟೇ.

ಫ್ರೀಜರಿಗೆ ಇನ್ನೊಂದು ಓಟೂ ಬಿದ್ದಿದೆ. ಜನವರಿಯಲ್ಲಿ ಇಲ್ಲಿ ಇಡ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಕಂಟ್ರೋಲರಿನಲ್ಲಿ ಬಿಸಿಗೆಂದೇ ಇನ್ನೊಂದು ಸಾಕೆಟ್ ಇದೆ. ಅದಕ್ಕೊಂದು ಹೀಟಿಂಗ್ ಪ್ಯಾಡ್ ಸಿಕ್ಕಿಸಿ, 30ಕ್ಕೆ ಇಟ್ಟು, ಹಿಟ್ಟಿನ ಪಾತ್ರೆ ಒಳಗಿಟ್ಟರೆ ಬೆಳಿಗ್ಗೆ ಅಂಚಿನವರೆಗೆ ಉಕ್ಕಿರುತ್ತದೆ. ಹೆಂಡತಿ ಇದನ್ನು ಕಂಡುಹಿಡಿದ ಮೇಲೆ ಚಳಿಗಾಲದ ಶನಿವಾರಗಳಲ್ಲಿ ನನ್ನ ಬಕೆಟ್ಟಿಗೆ ಜಾಗವಿಲ್ಲ.