ಆಡಿನ ಕೊಟ್ಟಿಗೆಗೆ ಪ್ಲಾಸ್ಟಿಕ್ ಸ್ಲ್ಯಾಟ್: ಉಡುಪಿಯ ಮಳೆಗೆ ಒಗ್ಗುತ್ತದೆಯೇ?

ಸ್ಲ್ಯಾಟ್ ಎಂದರೆ ಸಂದಿ ಬಿಟ್ಟ ನೆಲಹಲಗೆ. ಒಗ್ಗುತ್ತದೆ, ಅಡಿಕೆ ಮರ ಸೀಳಿದ ದಬ್ಬೆಗಿಂತ ಎಷ್ಟೋ ಚೆನ್ನಾಗಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ದಬ್ಬೆ ಮೂತ್ರ ಹೀರಿ ಜಾರುತ್ತದೆ, ಕುಂಬಾಗುತ್ತದೆ. ಗೊರಸು ಸದಾ ಒದ್ದೆಯಾಗಿದ್ದರೆ ಕೊಳೆರೋಗಕ್ಕೆ ದಾರಿ. ಸ್ಲ್ಯಾಟಿನಲ್ಲಿ ಹಿಕ್ಕೆ ಕೆಳಗುದುರುವುದರಿಂದ ಮರಿಗಳಿಗೆ ಭೇದಿ ತರುವ ಕಾಕ್ಸಿಡಿಯಾ ಕಾಟವೂ ತಗ್ಗುತ್ತದೆ.

ಕೊಳ್ಳುವಾಗ ಮೊದಲು ಸಂದಿ ಅಳೆಯಿರಿ. ನೈಜೀರಿಯನ್ ಡ್ವಾರ್ಫ್‌ನಂಥ ಗಿಡ್ಡ ಹಾಲಿನ ತಳಿಗೆ 15 ಮಿ.ಮೀ. ಸಾಕು. 20 ದಾಟಿದರೆ ಎಳೆಮರಿಯ ಕಾಲು ಸಿಕ್ಕಿ ಮುರಿಯಬಹುದು. ಅಷ್ಟಾದರೂ ಮೊದಲ ವಾರ ಒಣ ಗೋಣಿ ಹಾಸಲೇಬೇಕು, ದಿನಾ ಬದಲಿಸಬೇಕು.

ಹಲಗೆಯನ್ನು ಕೆಳಗಿನಿಂದ ಹೊರುವ ಪಟ್ಟಿ ಒಂದೊಂದು ಅಡಿ ಅಂತರಕ್ಕೆ ಇರಲಿ. ಅಂತರ ಹೆಚ್ಚಿದರೆ ಹಲಗೆ ಬಾಗಿ ಕೊಂಡಿ ಕಳಚುತ್ತದೆ. ಮಲ್ಪೆಯ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಕ್ರೂ ಬೇಕು. ಸ್ಲ್ಯಾಟಿನ ಬೆಲೆ ದುಬಾರಿಯೇ. ಅದನ್ನು ನೆಲದಿಂದ 4 ಅಡಿ ಎತ್ತರಿಸದಿದ್ದರೆ ಗೊಬ್ಬರ ಬಾಚಲಾಗದೆ ಅಮೋನಿಯಾ ಮೇಲೇರಿ ಆಡುಗಳಿಗೆ ಕೆಮ್ಮು ಶುರುವಾಗುತ್ತದೆ.