ಕಪ್ಪೆಮೂಳೆ ಜಾಲಿಸುವ ಜರಡಿ: ಪ್ರಿನ್ಸೆಸ್ ಸ್ಟ್ರೀಟಿನ ಸ್ಟೀಲ್ ಸೆಟ್ ಕೊಳ್ಳಬಹುದೇ?

ಬೆಟ್ಟದ ಗುಹೆಮಣ್ಣಿನಿಂದ ಕಪ್ಪೆ, ಹಲ್ಲಿ, ಹಾವುಗಳ ಮೂಳೆ ಹೆಕ್ಕಿ ಹಳೆಯ ಕಾಲದ ಹವೆ ಲೆಕ್ಕ ಹಾಕುವವರಿಗೆ ಮೊದಲು ಬೇಕಾದ್ದು ಒಳ್ಳೆಯ ಜರಡಿ. ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಲ್ಯಾಬ್ ಸಾಮಾನಿನ ಅಂಗಡಿಯೊಂದು ಮಾರುವ 200 ಮಿ.ಮೀ. ಅಗಲದ ಸ್ಟೇನ್‌ಲೆಸ್ ಸ್ಟೀಲ್ ಸೆಟ್ಟಿನ ವಿಮರ್ಶೆ ಇದು. ಮೂರು ಜರಡಿ, ಕೆಳಗೊಂದು ತಟ್ಟೆ, ಮೇಲೊಂದು ಮುಚ್ಚಳ.

ಜರಡಿಕಣ್ಣಿನ ಅಳತೆ ಕೇಳಿಯೇ ಕೊಳ್ಳಿ. ಬರೀ "ಟೆಸ್ಟ್ ಸೀವ್" ಎಂದರೆ ಸಿವಿಲ್ ಲ್ಯಾಬಿನವರು ಒಯ್ಯುವ 2.36 ಮಿ.ಮೀ., 1.18 ಮಿ.ಮೀ., 600 ಮೈಕ್ರಾನ್ ಸೆಟ್ಟನ್ನೇ ಇಳಿಸುತ್ತಾರೆ. ಈ ಕೆಲಸಕ್ಕೆ ಬೇಕಾದ್ದು 2 ಮಿ.ಮೀ., 1 ಮಿ.ಮೀ., 500 ಮೈಕ್ರಾನ್ (ಅರ್ಧ ಮಿ.ಮೀ.). ಕೌಂಟರಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. "ಅಣ್ಣಾ, 600 ಬೇಡ, 500 ಕೊಡಿ" ಎಂದರೆ ತರಿಸಿ ಕೊಡುತ್ತಾರೆ. "ಇದು ಒಣ ಪುಡಿಗೆ ಮಾಡಿದ್ದು ಮಾರಾಯ್ರೆ, ನೀರಿಗಲ್ಲ" ಎಂದು ಮೊದಲೇ ಎಚ್ಚರಿಸುತ್ತಾರೆ. ನೀರಿನಲ್ಲಿ ಬಳಸಲು ಏನು ಮಾಡಿಕೊಳ್ಳಬೇಕೆಂದು ಮುಂದೆ ಹೇಳುತ್ತೇವೆ.

ಸಣ್ಣ ಕಣ್ಣು ಯಾಕೆ ಬೇಕೆಂದರೆ, ಕಪ್ಪೆಯ ಜಾತಿ ಹಿಡಿಯಲು ಹೆಚ್ಚು ನೆಚ್ಚುವುದು ಇಲಿಯಮ್ ಎಂಬ ಸೊಂಟದ ಮೂಳೆಯನ್ನು. ಸಣ್ಣ ಕಪ್ಪೆಯದು ಪೊರಕೆಕಡ್ಡಿಯ ತುದಿಯಂತಿರುತ್ತದೆ. ನೆಟ್ಟಗೆ ನಿಂತರೆ 1 ಮಿ.ಮೀ. ಕಣ್ಣಿನಲ್ಲಿ ಜಾರಿಹೋಗುತ್ತದೆ. ಹವೆಯ ಲೆಕ್ಕ ನಿಂತಿರುವುದೇ ಜಾತಿಗಳ ಪಟ್ಟಿಯ ಮೇಲೆ. ಗುಹೆಮಣ್ಣಿನ ಒಂದು ಪದರದಲ್ಲಿ ಸಿಕ್ಕ ಜಾತಿಗಳು ಇಂದು ಬದುಕುವ ನೆಲೆಗಳನ್ನು ನಕ್ಷೆಯಲ್ಲಿ ಒಂದರ ಮೇಲೊಂದು ಇಟ್ಟು, ಎಲ್ಲವೂ ಕೂಡುವ ಚೌಕಗಳ ಉಷ್ಣತೆ, ಮಳೆ ತೆಗೆಯುತ್ತಾರೆ. ಸ್ಪೇನಿನ ಅಟಾಪುಯೆರ್ಕಾ ಗುಹೆಗಳ ಮೂಳೆಗಳಿಗೆ ಹೀಗೇ ಲೆಕ್ಕ ಮಾಡಿದ್ದಾರೆ. ಒಂದು ಜಾತಿ ಸೋರಿಹೋದರೆ ಕೂಡುವ ಜಾಗ ಹಿಗ್ಗಿ ಉತ್ತರ ಸಡಿಲವಾಗುತ್ತದೆ. ಬೇರೆ ಪದರದ ಮೂಳೆ ಬೆರೆತರೆ ಇನ್ನೂ ಕಷ್ಟ: ಚಳಿಯ ಕಾಲದ ಹಾವು ಬೆಚ್ಚಗಿನ ಪದರಕ್ಕೆ ಬಂದು ಕೂತು, ಉತ್ತರವೇ ಸುಳ್ಳಾಗುತ್ತದೆ.

ಈ ಸೆಟ್ಟಿನ ದೊಡ್ಡ ದೋಷ ಅಲ್ಲೇ ಇದೆ. ಬಲೆ ಚೌಕಟ್ಟಿಗೆ ಕೂಡುವ ಸುತ್ತಿನಲ್ಲಿ ಬೆಸುಗೆ ಅಲ್ಲಲ್ಲಿ ಬಿಟ್ಟುಹೋಗಿ, ಉಗುರಿನ ತುದಿ ಹೋಗುವಷ್ಟು ಸಂದಿದೆ. ಮರಿಹಾವಿನ ಬೆನ್ನುಮಣಿ ಅಲ್ಲಿ ಸಿಕ್ಕಿಕೊಂಡರೆ ಕೊಡವಿದರೂ ಬೀಳದು; ಮುಂದಿನ ಪದರ ಜಾಲಿಸುವಾಗ ತಾನಾಗಿ ಉದುರುತ್ತದೆ. ತಂದ ದಿನವೇ ಸಂದಿಗೆ ಎಪಾಕ್ಸಿ ಅಂಟು ತುಂಬಿ, ಕೈಗವಸು ಹಾಕಿದ ಬೆರಳಿನಲ್ಲಿ ಬಲೆಯ ಕಡೆಗೆ ಇಳಿಜಾರು ಮಾಡಿ, 24 ಗಂಟೆ ಮುಟ್ಟಬೇಡಿ. ಪದರ ಬದಲಾದಾಗಲೆಲ್ಲ ಜರಡಿಯನ್ನು ಬೋರಲು ಹಾಕಿ ಹಿಂಬದಿಯಿಂದ ನೀರು ಹಾಯಿಸಿ, ಸುತ್ತಂಚನ್ನು ಲೆನ್ಸಿನಲ್ಲಿ ನೋಡಿ.

ಬಲೆ ಮಾತ್ರ ಚೆನ್ನಾಗಿದೆ, ಬಿಗಿಯಾಗಿದೆ, ಕಣ್ಣುಗಳು ಒಂದೇ ಸಮ. ಮಣ್ಣನ್ನು ಮೊದಲು ನೆರಳಿನಲ್ಲಿ ಪೂರ್ತಿ ಒಣಗಿಸಿ ಆಮೇಲೆ ನೆನೆಹಾಕಿ. ಹಸಿ ಜೇಡಿಯನ್ನೇ ನೆನೆಸಿದರೆ ಉಂಡೆ ಬಿಡಿಸಿಕೊಳ್ಳುವುದಿಲ್ಲ. ಒಂದು ಸಲಕ್ಕೆ ಅರ್ಧ ಕಿಲೋ ಸಾಕು. ನಲ್ಲಿಯ ಧಾರೆ ನೇರ ಬಿಡದೆ, ಬಕೆಟಿನಲ್ಲಿ ಅರ್ಧ ಮುಳುಗಿಸಿ ಅಕ್ಕಿ ಜಾಲಿಸಿದ ಹಾಗೆ ತೂಗಿ. ಬೆರಳಿನಿಂದ ತಿಕ್ಕಿದರೆ ಇಲಿಯಮ್ ಮುರಿದು, ಮೂಳೆ ಜಾತಿಗೆ ಸಲ್ಲದೆ "ಯಾವುದೋ ಕಪ್ಪೆ" ಆಗಿ ಉಳಿಯುತ್ತದೆ. ಜಾಲಿಸಿ ಉಳಿದದ್ದನ್ನು ಮುಂಬೈ ಮಳೆಗಾಲದಲ್ಲಿ ಪೇಪರಿನ ಮೇಲೆ ಹರಡಿದರೆ ಬೂಸಲು ಬರುತ್ತದೆ. ಮಲ್ ಬಟ್ಟೆಯಲ್ಲಿ ಹಾಕಿ ಫ್ಯಾನ್ ಕೆಳಗಿಡಿ. ಸುಣ್ಣದ ಹೆಪ್ಪು ಕರಗಿಸಲು ಅಸಿಟಿಕ್ ಆಮ್ಲ ಬಳಸುವವರು ಹಿತ್ತಾಳೆ ಸೆಟ್ಟಿನ ಗೋಜಿಗೆ ಹೋಗಬೇಡಿ.

ಜರಡಿಯಿಂದ ಸರಿಹೋಗದ ತೊಡಕೂ ಒಂದಿದೆ. ನಕ್ಷೆಯ ಚೌಕ ಸಾಮಾನ್ಯವಾಗಿ 10 ಕಿ.ಮೀ. ಅಗಲದ್ದು. ಮಹಾಬಳೇಶ್ವರದಂಥ ಕಡೆ ಸುಮಾರು 1,350 ಮೀಟರಿನ ನೆತ್ತಿಯಿಂದ ನೆಲ ಕೊಂಕಣಕ್ಕೆ ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ. ಸಾವಿರ ಮೀಟರ್ ಎತ್ತರಕ್ಕೆ ಉಷ್ಣತೆಯಲ್ಲಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಬೆಟ್ಟದ ಮೂಳೆಗೆ ಚೌಕದ ಸರಾಸರಿ ಹಿಡಿಯದೆ, ಜಾತಿ ಸಿಗುವ ಎತ್ತರವನ್ನೂ ಬರೆದಿಟ್ಟುಕೊಳ್ಳಿ.

ಮುಂಬೈಯ ವರ್ಲಿ ಗುಡ್ಡದ ಕಪ್ಪೆ ಪಳೆಯುಳಿಕೆಗಾಗಿ ಈ ಸೆಟ್ ಕೊಳ್ಳಬೇಡಿ. 1847ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್ ಹೆಸರಿಟ್ಟ, ಈಗ ಇಂಡೋಬ್ಯಾಟ್ರಾಕಸ್ ಎನ್ನುವ ಆ ಪುಟ್ಟ ಕಪ್ಪೆ ಲಾವಾ ಪದರಗಳ ನಡುವಿನ ಜೇಡಿಗಲ್ಲಿನಲ್ಲಿದೆ. ಅದಕ್ಕೆ ಉಳಿ, ಸೂಜಿ ಬೇಕು. ಆ ಜಾತಿ ಇಂದು ಬದುಕಿಲ್ಲ, ಹಾಗಾಗಿ ನೆಲೆ ಕೂಡಿಸುವ ಲೆಕ್ಕವೂ ನಡೆಯದು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ 500 ಮೈಕ್ರಾನಿನದ್ದೊಂದನ್ನೇ ಕೊಂಡು, ದಪ್ಪ ಕಲ್ಲು ತೆಗೆಯಲು ಅಡುಗೆಮನೆಯ ಜರಡಿ ಬಳಸಿ.